ಅವರವರ ಅಳಲು, ಅವರವರ ಔಷಧ

ಆಶ್ವಯುಜದ ಹುಣ್ಣಿಮೆ ಕಳೆದ ಮೇಲೆ ಬರುವ ಗುರುವಾರದಂದು ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುತ್ತದೆ. ದೀಪಾವಳಿಯ ಬಲಿಪಾಡ್ಯಮಿ ಮುಗಿಯುತ್ತಲೇ ಅದು ಮುಚ್ಚಿತೆಂದರೆ ಮತ್ತೊಂದು ವರ್ಷ ದೇವಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಕೆಲವೇ ದಿನಗಳಲ್ಲಿ ನಾಡಿನ ನಾನಾ ಕಡೆಗಳಿಂದ ಲಕ್ಷಾಂತರ ಮಂದಿ ಬಂದು, ಹಗಲಿರುಳೆನ್ನದೆ ಸಾಲಿನಲ್ಲಿ ನಿಂತು, ಕ್ಷಣಮಾತ್ರದ ದರ್ಶನವನ್ನು ಪಡೆದು, ಹುಂಡಿಗೆ ಕಾಣಿಕೆಯೊಡನೆ ಮಡಿಸಿದ ಕಾಗದಗಳನ್ನೂ ಹಾಕಿ ಹಿಂದಿರುಗುತ್ತಾರೆ. ಹುಂಡಿಯ ಎಣಿಕೆಯ ದಿನ ಆ ಕಾಗದಗಳು ಹೊರಬೀಳುತ್ತವೆ. ಗಂಡ ಕುಡಿತ ಬಿಡಲೆಂದು ಒಬ್ಬಳು, ಪರೀಕ್ಷೆಯಲ್ಲಿ ತೇರ್ಗಡೆಯಾಗಲೆಂದು ಒಬ್ಬ, ಸಾಲ ತೀರಲೆಂದು, ಮಗನಿಗೆ ಹೆಣ್ಣು ಸಿಗಲೆಂದು, ಒಲಿದವರು ಕೈಬಿಡದಿರಲೆಂದು ಮತ್ತೆ ಕೆಲವರು ತಮ್ಮ ತಮ್ಮ ಅಕ್ಷರದಲ್ಲಿ, ತಮ್ಮ ತಮ್ಮ ಕಾಗುಣಿತದಲ್ಲಿ ಬರೆದ ಕಾಗದಗಳು ಅವು. ವರ್ಷವರ್ಷವೂ ಪತ್ರಿಕೆಗಳಲ್ಲಿಯೂ ಟಿ.ವಿ. ವಾಹಿನಿಗಳಲ್ಲಿಯೂ ಅವನ್ನು ಓದಿ ಹೇಳುವುದುಂಟು. ವಿಚಿತ್ರವಾದ ಕೋರಿಕೆಗಳೆಂದು ತಲೆಬರಹ ಕೊಡುವುದೂ ಉಂಟು. ವಿಚಿತ್ರವಾದುದೇನೂ ನನಗೆ ಅವುಗಳಲ್ಲಿ ಕಂಡಿಲ್ಲ. ನೊಂದವನು ತನ್ನ ನೋವನ್ನು ತನ್ನದೇ ಮಾತಿನಲ್ಲಿ, ತಾನು ನಂಬಿದ ಒಬ್ಬರಿಗೆ, ಮತ್ತೊಬ್ಬರ ಕಿವಿಗೆ ಬೀಳದೆಂಬ ಭರವಸೆಯಿಂದ ನಿವೇದಿಸಿಕೊಳ್ಳುವುದಕ್ಕಿಂತ ಸಹಜವಾದುದು ಮನುಷ್ಯಜೀವನದಲ್ಲಿ ಇನ್ನೇನಿದೆ?

ತನ್ನದೇ ಮಾತು, ನಂಬಿಕೆಗೆ ಅರ್ಹನಾದ ಕೇಳುಗ, ಗೌಪ್ಯದ ಭರವಸೆ: ಮನಶ್ಚಿಕಿತ್ಸೆಯೆಂದು ಇಂದು ಕರೆಯಲಾಗುವ ಶಾಸ್ತ್ರಕ್ಕೆ ಬೇಕಾದ ಮೊದಲ ಸಾಮಗ್ರಿಯೂ ಇಷ್ಟೇ. ಆ ಕಾಗದವನ್ನು ಬರೆದವಳು ಹಾಸನದ ಬೀದಿಯೊಂದರಲ್ಲಿ, ಹೊಳೆನರಸೀಪುರದ ಹೊಳೆಯಂಚಿನ ಹಳ್ಳಿಯಲ್ಲಿ, ಅರಕಲಗೂಡಿನ ಹೊಗೆಸೊಪ್ಪಿನ ಹೊಲದ ಬದಿಯಲ್ಲಿ ಅಥವಾ ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಯಲ್ಲಿ ಇದ್ದಾಳು. ವರ್ಷದ ಮಿಕ್ಕ ದಿನಗಳಲ್ಲಿ ಅವಳ ಮಾತನ್ನು ಕೇಳುವವರು ಯಾರು, ಕೇಳಿದವರು ಅದನ್ನು ಎಲ್ಲಿಡುತ್ತಾರೆ, ಕೇಳಿ ಕೇಳಿ ಭಾರವಾದ ಆ ಕೇಳುಗರ ಮಾತನ್ನು ಕೇಳುವವರು ಇನ್ನಾರು ಎಂಬ ಪ್ರಶ್ನೆಗಳು ಈ ಲೇಖನದ ವಿಷಯ. 2017ರಲ್ಲಿ ಅಂಗೀಕೃತವಾಗಿ 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ತನ್ನ 23ನೆಯ ಪ್ರಕರಣದಲ್ಲಿ ರೋಗಿಯ ಸಂಗತಿಗಳು ಗೌಪ್ಯವಾಗಿರತಕ್ಕದ್ದೆಂದು ವಿಧಿಸಿದೆ. ದೇವಿಗೆ ಬರೆದ ಕಾಗದಕ್ಕೆ ಆ ಕಾಯಿದೆ ಅನ್ವಯಿಸದೆ ಇರಬಹುದು. ಆದರೆ ಅದರ ಹಿಂದಿರುವ ಧರ್ಮ ಅಲ್ಲಿಯೂ ಅನ್ವಯಿಸುತ್ತದೆಂದೂ, ಆ ಕಾಗದಗಳನ್ನು ಓದಿ ಹೇಳುವ ರೂಢಿ ನಿಲ್ಲಬೇಕೆಂದೂ ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ಮನಸ್ಸಿನ ವ್ಯಾಧಿಗೆ ಮಾತಿನ ಚಿಕಿತ್ಸೆಯೆಂಬುದು ಯೂರೋಪಿನ ನಗರಗಳಲ್ಲಿ ಬೆಳೆದು ನಮ್ಮಲ್ಲಿಗೆ ಬಂದಿತೆಂಬುದು ನಿಜ. ಆದರೆ ಬಂದದ್ದನ್ನು ಬಂದಂತೆಯೇ ಇರಿಸಿಕೊಳ್ಳದೆ, ಇಲ್ಲಿನ ಜನಕ್ಕೆ ಅದು ಎಷ್ಟರಮಟ್ಟಿಗೆ ಒಗ್ಗೀತೆಂದು ಪರೀಕ್ಷಿಸುವ ಕೆಲಸ ಕನ್ನಡ ನಾಡಿನಲ್ಲಿಯೇ ಬಹು ಮುಂಚೆ ನಡೆಯಿತೆಂಬುದನ್ನು ನಾವು ಮರೆಯಲಾಗದು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು 1924ರಷ್ಟು ಹಿಂದೆಯೇ ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿ ಅದಕ್ಕೆ ಆಕಾಶವಾಣಿಯೆಂಬ ಹೆಸರು ಸಲ್ಲುವಂತೆ ಮಾಡಿದವರೂ ಅವರೇ. ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರ ಪ್ರಯತ್ನದಿಂದ 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಮುಂದೆ 1974ರ ಡಿಸೆಂಬರ್ 27ರಂದು ಆಸ್ಪತ್ರೆಯೂ ಆ ಸಂಸ್ಥೆಯೂ ಒಂದುಗೂಡಿ, ಹಾಸನ ಜಿಲ್ಲೆಯ ಹಳ್ಳಿಗರೂ ಇಂದು ನಿರರ್ಗಳವಾಗಿ ಉಚ್ಚರಿಸುವ ನಿಮ್ಹಾನ್ಸ್ ಆಯಿತು.

ಆ ಅಖಿಲ ಭಾರತ ಸಂಸ್ಥೆಯಿಂದ ಎನ್. ಸಿ. ಸೂರ್ಯ ಮತ್ತು ಜಯರಾಮ್ ಎಂಬ ವಿದ್ವಾಂಸರು 1964ರಲ್ಲಿ ಪ್ರಕಟಿಸಿದ ಒಂದು ಪ್ರಬಂಧವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೆನೆಯಬೇಕು. ಭಾರತೀಯ ಸನ್ನಿವೇಶದಲ್ಲಿ ಮನಶ್ಚಿಕಿತ್ಸೆಯನ್ನು ನಡೆಸುವವನು ಮೊದಲು ಆಲೋಚಿಸಬೇಕಾದ ಸಂಗತಿಗಳೇನೆಂಬುದು ಅದರ ವಸ್ತು. ನಮ್ಮ ರೋಗಿ ತನ್ನ ಅಂತರಂಗದ ಗೂಢ ಕಾರಣಗಳನ್ನು ವರ್ಷಗಟ್ಟಲೆ ಕೆದಕಿ ನೋಡಲು ಬರುವವನಲ್ಲ. ಒದಗಿದ ಕಷ್ಟದಲ್ಲಿ ಪ್ರತ್ಯಕ್ಷವಾದ ಆಸರೆಯನ್ನು ಅಪೇಕ್ಷಿಸಿ ಬರುವವನು. ಎದುರಿಗೆ ಕುಳಿತ ಚಿಕಿತ್ಸಕನಲ್ಲಿ ಆತ ಕಾಣುವುದು ಕೂಲಿಗೆ ತಕ್ಕ ಕೆಲಸ ಮಾಡುವ ವೃತ್ತಿಕಾರನನ್ನಲ್ಲ, ಕುಟುಂಬದ ಹಿತೈಷಿಯಾದ ಹಿರಿಯನನ್ನು ಎಂಬುದು ಅವರು ಕಂಡ ಸತ್ಯದ ಸಾರ. ಸುಮಾರು ಅದೇ ಕಾಲದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರರು ರೋಗಿಗಳ ಬಂಧುಗಳನ್ನೂ ಆಸ್ಪತ್ರೆಯ ಆವರಣದ ಗುಡಾರಗಳಲ್ಲಿ ಉಳಿಸಿಕೊಂಡು, ಅವರನ್ನೂ ಚಿಕಿತ್ಸೆಯ ಅಂಗವನ್ನಾಗಿ ಮಾಡಿಕೊಂಡಿದ್ದರು. ಇವರೆಲ್ಲರ ವಿಚಾರದ ತಿರುಳು ಒಂದೇ: ಚಿಕಿತ್ಸೆಯನ್ನು ಮನುಷ್ಯನಿಗೆ ಹೊಂದಿಸಬೇಕು, ಮನುಷ್ಯನನ್ನು ಚಿಕಿತ್ಸೆಯ ಅಚ್ಚಿನೊಳಗೆ ತುರುಕಬಾರದು.

ಸೂರ್ಯ ಅವರ ಮಾತಿಗೆ ನಾನೊಂದು ತಿದ್ದುಪಡಿಯನ್ನು ಸೇರಿಸಬಯಸುತ್ತೇನೆ. ಹಿರಿಯನ ಸ್ಥಾನವನ್ನು ಸ್ವೀಕರಿಸುವ ಚಿಕಿತ್ಸಕನು ಆ ಸ್ಥಾನದ ಅಪಾಯವನ್ನೂ ಅರಿತಿರಬೇಕು. ನಮ್ಮ ಸೀಮೆಯಲ್ಲಿ ಎಷ್ಟೋ ಸೊಸೆಯಂದಿರ, ಎಷ್ಟೋ ಮಕ್ಕಳ ವ್ಯಥೆಗೆ ಹಿರಿಯರ ಅಧಿಕಾರವೇ ಮೂಲವಾಗಿರುವಾಗ, ವೈದ್ಯರ ಕೊಠಡಿಯಲ್ಲಿ ಇನ್ನೊಬ್ಬ ಯಜಮಾನ, ಇನ್ನೊಬ್ಬ ಅತ್ತೆ ಕುಳಿತಂತಾದರೆ ಆ ಬಡಪಾಯಿ ಎಲ್ಲಿಗೆ ಹೋಗಬೇಕು? ಜೊತೆಗೆ ಬಂದವರನ್ನು ಕೆಲಕಾಲ ಹೊರಗೆ ಕೂರಿಸಿ, "ಈಗ ನೀನೊಬ್ಬಳೇ ಹೇಳಮ್ಮ" ಎನ್ನುವ ಧೈರ್ಯ ಹಿರಿಯನಂತೆ ಇರುವವನಿಗೇ ಬರಬೇಕು, ಏಕೆಂದರೆ ಹಾಗೆ ಹೇಳಿದರೆ ಮನೆಯವರು ಕೇಳುವುದು ಅವನ ಮಾತನ್ನೇ.

ಈ ತತ್ತ್ವ ತಾಲ್ಲೂಕು ಆಸ್ಪತ್ರೆಯ ಹೊಸ್ತಿಲಿಗೆ ಬಂದ ಬಗೆ ಹೀಗೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅದು ಹಳ್ಳಿಗಾಡಿನಲ್ಲಿ ನಡೆದೀತೆ ಎಂಬುದನ್ನು ನಿಮ್ಹಾನ್ಸಿನವರು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪರೀಕ್ಷಿಸಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಿಂದ ದೇಶದಲ್ಲಿ ಜಿಲ್ಲಾ ಕಾರ್ಯಕ್ರಮಗಳು ಹುಟ್ಟಿದವು. ಒಬ್ಬ ಮನೋವೈದ್ಯ, ಒಬ್ಬ ಚಿಕಿತ್ಸಾ ಮನಶ್ಶಾಸ್ತ್ರಜ್ಞ, ಒಬ್ಬ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ತರಬೇತಿ ಪಡೆದ ದಾದಿ ಇವರೇ ಪ್ರಧಾನರಾಗಿರುವ ಪುಟ್ಟ ತಂಡವೊಂದು ಇಡೀ ಜಿಲ್ಲೆಗೆ ಎಂಬುದು ಅದರ ರಚನೆ. ಕರ್ನಾಟಕ ಸರ್ಕಾರ 2014ರಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೇ ಹೋಗಿ ರೋಗಿಗಳನ್ನು ನೋಡುವ ಏರ್ಪಾಡು ಮಾಡಿತು. ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದ ಮೇಲೆ, ಹಿಂದೆ ಬೆಂಗಳೂರಿನ ರಾತ್ರಿ ಬಸ್ಸನ್ನೇ ಹಿಡಿಯಬೇಕಾಗಿದ್ದ ಅನೇಕರಿಗೆ ಜಿಲ್ಲಾ ಕೇಂದ್ರದಲ್ಲಿಯೇ ತಜ್ಞರ ಸಲಹೆ ದೊರೆಯುವಂತಾಯಿತು. ಇವೆಲ್ಲವೂ ಸಣ್ಣ ಸಾಧನೆಗಳಲ್ಲ. ಮನಸ್ಸು ಕೆಟ್ಟವರನ್ನು ಕೋಣೆಯಲ್ಲಿ ಕೂಡಿಹಾಕುವುದನ್ನೋ ದೂರದ ಗುಡಿಯೊಂದರಲ್ಲಿ ಬಿಟ್ಟುಬರುವುದನ್ನೋ ಕಂಡು ಬೆಳೆದ ತಲೆಮಾರಿಗೆ ಇವುಗಳ ಬೆಲೆ ಗೊತ್ತು.

ಆದರೆ ಮಂಗಳವಾರದ ಸಾಲು ಉದ್ದ. ಅಲ್ಲಿ ಒಬ್ಬೊಬ್ಬರಿಗೆ ಸಲ್ಲುವ ಕಾಲ ಕೆಲವೇ ನಿಮಿಷಗಳದು; ಆ ನಿಮಿಷಗಳಲ್ಲಿ ನಡೆಯಬಹುದಾದುದು ಹಳೆಯ ಚೀಟಿಯನ್ನು ನೋಡಿ ಮಾತ್ರೆಯನ್ನು ಮುಂದುವರಿಸುವ ಕೆಲಸ. ಮಾತ್ರೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಚಿತ್ತಭ್ರಮೆಯಂಥ ವ್ಯಾಧಿಯಲ್ಲಿ ಕ್ರಮ ತಪ್ಪದ ಔಷಧ ಮನುಷ್ಯನನ್ನು ಅವನ ಹೊಲಕ್ಕೂ ಮನೆಗೂ ಮರಳಿಸುತ್ತದೆ. ಆದರೂ ಮಾತ್ರೆ ಯಾರ ಕೈಗೆ ಹೋಗುತ್ತದೆ, ಆ ಕೈಯ ಹಿಂದಿನ ಬದುಕು ಎಂಥದು ಎಂಬುದನ್ನು ಅರಿಯದೆ ಕೊಟ್ಟಾಗ ಆಗುವುದೇನೆಂಬುದನ್ನು ಒಂದು ಚಿತ್ರದಿಂದ ತೋರಿಸುತ್ತೇನೆ. ಇದು ಯಾರೊಬ್ಬರ ಕಥೆಯೂ ಅಲ್ಲ. ಗೌಪ್ಯದ ಮಾತನ್ನು ಮೇಲೆ ಅಷ್ಟಾಗಿ ಹೇಳಿದವನು ಒಬ್ಬರ ಕಥೆಯನ್ನು ಬಯಲಿಗಿಡಲಾರ. ಅರಕಲಗೂಡು ಸೀಮೆಯ ಹಲವು ಮನೆಗಳ ಸಂಗತಿಗಳು ಇದರಲ್ಲಿ ಕೂಡಿವೆ.

ರಾಮನಾಥಪುರದ ಹರಾಜು ಕಟ್ಟೆಗೆ ವರ್ಜೀನಿಯಾ ಹೊಗೆಸೊಪ್ಪನ್ನು ಒಯ್ಯುವ ಮನೆಯ ಒಬ್ಬ ತಾಯಿ. ವಯಸ್ಸು ಐವತ್ತರ ಆಚೆ. "ಎದೆ ಉರೀತದೆ, ತಲೇಲಿ ಇರುವೆ ಹರದಂಗಾಯ್ತದೆ, ನಿದ್ದೆ ಅನ್ನೋದೇ ಇಲ್ಲ ಸ್ವಾಮಿ" ಎಂಬುದು ಆಕೆಯ ದೂರು. ಕೈಯಲ್ಲಿರುವ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಇ.ಸಿ.ಜಿ., ಒಂದು ಸ್ಕ್ಯಾನಿಂಗ್ ವರದಿ, ಗ್ಯಾಸ್ಟ್ರಿಕ್ ಮಾತ್ರೆಯ ಖಾಲಿ ಪಟ್ಟಿಗಳು. ತೋಳಿನಲ್ಲಿ ಮಂತ್ರಿಸಿ ಕಟ್ಟಿದ ತಾಯಿತ. ಖಿನ್ನತೆಯೆಂದು ಗುರುತಿಸಿದ ವೈದ್ಯರು ರಾತ್ರಿ ಮಲಗುವ ಮುನ್ನ ತೆಗೆದುಕೊಳ್ಳತಕ್ಕ ಒಂದು ಮಾತ್ರೆಯನ್ನು ಬರೆದರು. ಅದು ಸರಿಯಾದ ಮಾತ್ರೆಯೇ. ಒಂದು ತಿಂಗಳ ನಂತರ ಬಂದಾಗ ಆಕೆ ಅದನ್ನು ನುಂಗಿಯೇ ಇರಲಿಲ್ಲ. ಏಕೆ ನುಂಗಲಿಲ್ಲವೆಂದು ಗದರಿದ್ದರೆ ಆಕೆ ಮತ್ತೆ ಬರುತ್ತಿರಲಿಲ್ಲ. ಅದೃಷ್ಟವಶಾತ್ ಆ ದಿನ ಸಮಾಜ ಕಾರ್ಯಕರ್ತೆಯಾದ ತರುಣಿಯೊಬ್ಬಳು ಆಕೆಯನ್ನು ಜಗಲಿಯ ಮೂಲೆಯ ಬೆಂಚಿಗೆ ಕರೆದೊಯ್ದು, "ಬನ್ನಿ ಅಮ್ಮ, ಕೂತ್ಕೊಳ್ಳಿ, ಯಾವ ಬಸ್ಸಿಗೆ ಬಂದ್ರಿ, ಊಟ ಆಯ್ತಾ? ಮನೇಲಿ ಯಾರ್ಯಾರು ಇದ್ದೀರಿ?" ಎಂದು ಆರಂಭಿಸಿದಳು. "ಇದ್ದೀವಿ ಕಣವ್ವ, ಎಲ್ಲಾ ಇದ್ದೀವಿ, ಇದ್ದೂ ಇಲ್ಲ" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಬಳಿಕ ಬಂದ ಸಂಗತಿಗಳೆಂದರೆ: ಅದು ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ ಹಾಕುವ ಕಾಲ. ಸೊಪ್ಪನ್ನು ಕೋಲಿಗೆ ಪೋಣಿಸಿ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿಯನ್ನು ಕಾಯಬೇಕು. ಕಾವು ಏರಿದರೂ ಇಳಿದರೂ ಸೊಪ್ಪು ಕೆಟ್ಟು ವರ್ಷದ ದುಡಿಮೆ ಮಣ್ಣುಪಾಲು. ಗಂಡ ಸಂಜೆಯಾದರೆ ಕುಡಿದು ಬೀಳುವವನು, ಮಗ ಬೆಂಗಳೂರಿನಲ್ಲಿ. ರಾತ್ರಿ ಎದ್ದು ಸೌದೆ ತಳ್ಳುವವಳು ಈ ತಾಯಿಯೇ. ಮಂಪರು ತರುವ ಮಾತ್ರೆಯನ್ನು ನುಂಗಿ ಆಕೆ ಹೇಗೆ ಬೆಂಕಿ ಕಾದಾಳು? ಕಾರ್ಯಕರ್ತೆ ಈ ವಿಷಯವನ್ನು ವೈದ್ಯರಿಗೆ ತಿಳಿಸಿದಳು. ಅವರು ಬೆಳಗಿನ ಹೊತ್ತು ತೆಗೆದುಕೊಳ್ಳಬಹುದಾದ ಬೇರೊಂದು ಔಷಧವನ್ನು ಕೊಟ್ಟರು. ಕುಡಿತದ ವಿಚಾರಕ್ಕೆ ಗಂಡನನ್ನು ಪ್ರತ್ಯೇಕವಾಗಿ ಕರೆಸುವ ಯತ್ನ, ಬ್ಯಾರನ್ನಿನ ಪಾಳಿಗೆ ಮಗ ವಾರಕ್ಕೆರಡು ರಾತ್ರಿಯಾದರೂ ಬರುವಂತೆ ಫೋನಿನಲ್ಲಿ ಒಪ್ಪಿಸಿದ್ದು, ಕೊಣನೂರಿನಲ್ಲಿರುವ ತಂಗಿಯ ಮನೆಗೆ ತಿಂಗಳಿಗೊಮ್ಮೆ ಹೋಗಿ ಬರಲು ಹುರಿದುಂಬಿಸಿದ್ದು, ಇವೆಲ್ಲವೂ ಆ ಚಿಕಿತ್ಸೆಯ ಭಾಗಗಳಾದುವು. ತಾಯಿತವನ್ನು ಬಿಚ್ಚೆಂದು ಯಾರೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ವ್ಯಕ್ತಿಗೆ ತಕ್ಕ ಚಿಕಿತ್ಸೆಯೆಂದಾಗ ದೊಡ್ಡ ನಗರಗಳ ದುಬಾರಿ ಕೊಠಡಿಗಳನ್ನೂ ಹೊಸ ಯಂತ್ರಗಳನ್ನೂ ಊಹಿಸಿಕೊಳ್ಳುವವರಿಗೆ ನಾನು ತೋರಬಯಸುವುದು ಈ ಜಗಲಿಯ ಬೆಂಚನ್ನು. ಚನ್ನರಾಯಪಟ್ಟಣದ ಕಡೆ ಇದೇ ಖಿನ್ನತೆ ಬೇರೆಯ ವೇಷದಲ್ಲಿ ಬರುತ್ತದೆ: ಹೆದ್ದಾರಿಯ ಅನುಕೂಲದಿಂದ ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಉಳಿದ ವೃದ್ಧನೊಬ್ಬನಿಗೆ ಕಾಯಿ ಕೀಳಿಸುವ ಉತ್ಸಾಹವೂ ಇಲ್ಲ, ಮಾತನಾಡಿಸುವವರೂ ಇಲ್ಲ; ಅವನಿಗೆ ಬೇಕಾದುದು ವಿಶ್ರಾಂತಿಯಲ್ಲ, ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ. ಅರಕಲಗೂಡಿನ ತಾಯಿಗೆ ಹೊರೆಯನ್ನು ಇಳಿಸಬೇಕು, ಚನ್ನರಾಯಪಟ್ಟಣದ ಮುದುಕನಿಗೆ ಹೊರಲು ಏನಾದರೂ ಕೊಡಬೇಕು. ಇಬ್ಬರಿಗೂ ರೋಗದ ಹೆಸರು ಒಂದೇ.

2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಅಸ್ವಸ್ಥತೆ ಇದೆಯೆಂದೂ, ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಬೇರೆ ಬೇರೆ ವ್ಯಾಧಿಗಳಲ್ಲಿ ಶೇ. 70ರಿಂದ 92ರವರೆಗೆ ಇದೆಯೆಂದೂ ತಿಳಿಸಿತು. ಸಮೀಕ್ಷೆ ನಡೆದ ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲವಾದರೂ, ನಮ್ಮ ಜಿಲ್ಲೆ ಈ ಲೆಕ್ಕಕ್ಕೆ ಹೊರತೆಂದು ನಂಬುವುದಕ್ಕೆ ಕಾರಣ ಕಾಣದು.

ಹೊರತಲ್ಲವೆಂಬುದಕ್ಕೆ 2025ರ ಮುಂಗಾರಿನ ದಿನಗಳೇ ಸಾಕ್ಷಿ. ಆಗ ಸುಮಾರು 40 ದಿನಗಳ ಅವಧಿಯಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಮಿಕ್ಕಿದ ಜನ, ಅವರಲ್ಲಿ ಹಲವರು ಎಳೆಯ ವಯಸ್ಸಿನವರು, ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡರೆಂಬ ವಾರ್ತೆ ದಿನದಿನವೂ ಬಂದು ಇಡೀ ನಾಡು ಬೆಚ್ಚಿತು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಹಿಂದಿನ ಕಾಲಕ್ಕೆ ಹೋಲಿಸಿದರೆ ಅಸಹಜವಾದ ಏರಿಕೆಯೇನೂ ಇಲ್ಲವೆಂಬುದು ಪರಿಶೀಲನೆಯಿಂದ ಹೊರಬಿದ್ದ ಅಭಿಪ್ರಾಯ. ಅಂಕೆಗಳು ಭೀತಿಯನ್ನು ಶಮನಗೊಳಿಸಬಲ್ಲವೆಂದು ಅಧಿಕಾರಿಗಳು ಭಾವಿಸಿದರೋ ಏನೋ. ಆದರೆ ಭೀತಿ ಅಂಕೆಗಳಿಂದ ಹುಟ್ಟಿದ್ದಲ್ಲವಾದ್ದರಿಂದ ಅಂಕೆಗಳಿಂದ ಅಡಗುವುದೂ ಇಲ್ಲ.

ಭೀತಿಯ ಒಂದು ಹೊಡೆತ ಎಷ್ಟು ನಿಜವಾಗಿ ಹೃದಯಾಘಾತವನ್ನು ಹೋಲುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು. ಎದೆ ಡವಗುಟ್ಟುತ್ತದೆ, ಉಸಿರು ಕಟ್ಟುತ್ತದೆ, ಮೈ ಬೆವರುತ್ತದೆ, ಬೆರಳು ಜುಮ್ಮೆನ್ನುತ್ತದೆ, ಇದೇ ಕೊನೆಯೆಂಬ ನಿಶ್ಚಯ ಮನಸ್ಸನ್ನು ಹಿಡಿಯುತ್ತದೆ. ಹತ್ತು ನಿಮಿಷಗಳಲ್ಲಿ ಅದು ತುತ್ತತುದಿಗೆ ಏರಿ ಮೆಲ್ಲನೆ ಇಳಿಯುತ್ತದೆ. ಎದೆನೋವು ಬಂದವನು ಮೊದಲು ಇ.ಸಿ.ಜಿ. ಮಾಡಿಸಿಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೃದಯ ನಿರ್ದುಷ್ಟವೆಂದು ಗೊತ್ತಾದ ಮೇಲೆ "ಏನೂ ಇಲ್ಲ, ಧೈರ್ಯವಾಗಿರು" ಎಂದು ಮನೆಗೆ ಕಳುಹಿಸುವುದರಿಂದ ಚಿಕಿತ್ಸೆ ಮುಗಿಯಿತೆಂದು ತಿಳಿಯುವುದು ಅನ್ಯಾಯ. ಏನೋ ಇದೆ, ಅದಕ್ಕೆ ಹೆಸರಿದೆ, ಉಪಾಯವಿದೆ. ನೆರೆಮನೆಯ ಗೆಳೆಯನ ಸಾವನ್ನು ಕಣ್ಣಾರೆ ಕಂಡ ತರುಣನಿಗೆ ಬೇಕಾದುದು ಆ ಸಾವಿನ ದುಃಖವನ್ನು ಹೊರಹಾಕುವ ಅವಕಾಶ. ತಂದೆ ನಲವತ್ತರಲ್ಲಿಯೇ ಹೃದ್ರೋಗದಿಂದ ತೀರಿದ್ದ ಆಟೋ ಚಾಲಕನಿಗೆ ಬೇಕಾದುದು ಆಹಾರ, ಬೀಡಿ, ರಕ್ತದೊತ್ತಡಗಳ ವಿಚಾರದಲ್ಲಿ ಖಚಿತವಾದ ಸಲಹೆ. ಏಕೆಂದರೆ ಅವನ ಭಯದಲ್ಲಿ ಒಂದು ಪಾಲು ವಿವೇಕವೂ ಇದೆ. ದಿನವಿಡೀ ಮೊಬೈಲಿನಲ್ಲಿ ಸಾವಿನ ಸುದ್ದಿಯನ್ನೇ ನೋಡುತ್ತ, ನಾಡಿಯನ್ನು ಹಿಡಿದುಕೊಂಡು ಕೂತ ಗೃಹಿಣಿಗೆ ಬೇಕಾದುದು, ಭಯದ ಅಲೆ ಏರಿ ಇಳಿಯುವುದನ್ನು ಓಡಿಹೋಗದೆ ಕುಳಿತು ಗಮನಿಸುವ ಅಭ್ಯಾಸ. ಆ ದಿನಗಳಲ್ಲಿ ಹೃದಯ ತಪಾಸಣೆಯ ಶಿಬಿರಗಳಿಗೆ ಸಂದ ಗಮನದ ಒಂದಂಶವಾದರೂ ಇಂಥ ಆಪ್ತಸಮಾಲೋಚನೆಗೆ ಸಂದಿದ್ದರೆ ಎಷ್ಟೋ ಮನೆಗಳಲ್ಲಿ ನಿದ್ದೆ ಮರಳುತ್ತಿತ್ತು.

ಅದೇ ವರ್ಷದ ಸೆಪ್ಟೆಂಬರ್ 12ರ ರಾತ್ರಿ ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವ ದಾರಿಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಹಲವರು, ಅವರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗರೂ, ಪ್ರಾಣ ಕಳೆದುಕೊಂಡರು. ಅಂಥ ಮನೆಗಳಿಗೆ ಮೊದಲ ದಿನಗಳಲ್ಲಿ ಜನ ತಂಡೋಪತಂಡವಾಗಿ ಬರುತ್ತಾರೆ. ಉತ್ತರಕ್ರಿಯೆ ಮುಗಿದು, ವೈಕುಂಠ ಸಮಾರಾಧನೆಯ ಎಲೆ ಎತ್ತಿದ ಮೇಲೆ ಯಾರೂ ಇರುವುದಿಲ್ಲ. ಶೋಕದ ನಿಜವಾದ ಭಾರ ಇಳಿಯುವುದು ಆಗಲೇ. ಮಗನ ಪುಸ್ತಕಗಳನ್ನು ಏನು ಮಾಡಬೇಕೆಂದು ತಿಳಿಯದೆ ತಾಯಿ ಕುಳಿತಿರುವ ಹೊತ್ತು ಅದು. ಬದುಕಿ ಉಳಿದ ಸಹಪಾಠಿಗೆ ತಾನೇಕೆ ಉಳಿದೆನೆಂಬ ಪ್ರಶ್ನೆ ಕಾಡುವ ಹೊತ್ತೂ ಅದೇ. ದುರಂತದ ಸ್ಥಳಕ್ಕೆ ಸಮಾಲೋಚಕರನ್ನು ಕೂಡಲೇ ಕಳುಹಿಸುವುದು ಈಗ ರೂಢಿಗೆ ಬಂದಿದೆ, ಒಳ್ಳೆಯದೇ. ಆದರೆ ಅವರು ಮೊದಲ ತಿಂಗಳಿನ ಕೊನೆಗೆ, ಮೂರನೆಯ ತಿಂಗಳಿಗೆ, ಮುಂದಿನ ಗಣೇಶನ ಹಬ್ಬಕ್ಕೆ ಮತ್ತೆ ಹೋಗುವಂತೆ ಪಂಚಾಂಗದ ಲೆಕ್ಕದಲ್ಲಿ ಏರ್ಪಾಡು ಮಾಡಿದರೆ ಅದು ಈ ನೆಲಕ್ಕೆ ಒಪ್ಪುವ ಚಿಕಿತ್ಸೆಯಾದೀತು.

ಈ ಸೀಮೆಯ ದುಃಖಕ್ಕೆ ಸಾಹಿತ್ಯದ ಸಾಕ್ಷ್ಯ ಕಡಮೆಯೇನೂ ಇಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, ಪ್ಲೇಗಿನ ಮಾರಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಬಾಲ್ಯದಲ್ಲಿಯೇ ಒಪ್ಪಿಸಿದ ಎಸ್. ಎಲ್. ಭೈರಪ್ಪನವರು ‘ಗೃಹಭಂಗ’ದ ನಂಜಮ್ಮನಲ್ಲಿ, ಮಕ್ಕಳನ್ನು ಕಳೆದುಕೊಂಡೂ ಸಂಸಾರದ ನೊಗವನ್ನು ಕೆಳಗಿಡಲಾರದ ಹೆಣ್ಣೊಬ್ಬಳನ್ನು ಚಿತ್ರಿಸಿದರು. ನಂಜಮ್ಮನಿಗೆ ಊರಿನಲ್ಲಿ ಮಾತು ಕೇಳುವ ಒಬ್ಬಿಬ್ಬರು ಇದ್ದರು; ಅಷ್ಟೇ ಅವಳಿಗಿದ್ದ ಚಿಕಿತ್ಸೆ. ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಹೆರಿಗೆಯ ಬಳಿಕ ಚಿತ್ತಸ್ವಾಸ್ಥ್ಯ ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದರೂ ಮನೆಯವರ ಸಂದೇಹದ ದೃಷ್ಟಿಯಿಂದಲೇ ಮತ್ತೆ ಕುಸಿಯುತ್ತಾಳೆ, 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದಾಗ ಕನ್ನಡ ನಾಡಿನ ಮನೆಮನೆಯೂ ಅವಳಿಗಾಗಿ ಮರುಗಿತು. ವೈದ್ಯರೂ ‘ಕೊರವಂಜಿ’ಯ ಸಂಪಾದಕರೂ ಆಗಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಸಂದಿತು, ಮನೋರೋಗವನ್ನು ಕುರಿತ ಗ್ರಂಥಕ್ಕೆ ಸಾಹಿತ್ಯದ ಮನ್ನಣೆ ದೊರೆಯುವ ಭಾಷೆ ನಮ್ಮದು.

ಇವೆಲ್ಲಕ್ಕಿಂತ ನನ್ನನ್ನು ಕಲಕಿದುದು ಹಾಸನದ ಬಾನು ಮುಷ್ತಾಕರು ತಮ್ಮ ಬಗೆಗೆ ತಾವೇ ಹೇಳಿಕೊಂಡ ಮಾತು. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ ಈ ಲೇಖಕಿ, ತಾವು 29ರ ವಯಸ್ಸಿನಲ್ಲಿ ತಾಯಿಯಾದಾಗ ಬಾಣಂತನದ ಖಿನ್ನತೆಗೆ ಒಳಗಾಗಿದ್ದುದನ್ನು ಮುಚ್ಚುಮರೆಯಿಲ್ಲದೆ ನುಡಿದಿದ್ದಾರೆ. ಬಾಣಂತಿಯ ಕಣ್ಣೀರನ್ನು ಸನ್ನಿಯೆಂದೋ ದೃಷ್ಟಿಯೆಂದೋ ಗಾಳಿಯೆಂದೋ ಕರೆದು ಬಾಗಿಲು ಹಾಕಿಕೊಳ್ಳುವ ಮನೆಗಳು ಇನ್ನೂ ಇರುವ ಜಿಲ್ಲೆಯಲ್ಲಿ, ಅಷ್ಟು ಎತ್ತರದಲ್ಲಿ ನಿಂತ ಹೆಣ್ಣು ಆ ಮಾತನ್ನಾಡಿದ್ದು ಎಷ್ಟೋ ಭಾಷಣಗಳಿಗಿಂತ ದೊಡ್ಡ ಸೇವೆ. ಪ್ರತಿಯೊಬ್ಬ ಆಶಾ ಕಾರ್ಯಕರ್ತೆಯೂ ಮಗುವಿನ ತೂಕವನ್ನು ವಿಚಾರಿಸುವಾಗ ತಾಯಿಯ ನಿದ್ದೆಯನ್ನೂ ಅಳುವನ್ನೂ ವಿಚಾರಿಸುವಂತಾದರೆ ಆ ಮಾತು ಫಲಿಸಿದಂತೆ.

ಈಗ ಕೇಳುಗರ ವಿಷಯಕ್ಕೆ ಬರುತ್ತೇನೆ. ಏಕೆಂದರೆ ಅವರನ್ನು ಕುರಿತು ಬರೆಯುವವರು ವಿರಳ. ಜಗಲಿಯ ಬೆಂಚಿನ ಆ ಸಮಾಜ ಕಾರ್ಯಕರ್ತೆ ಒಂದು ದಿನದಲ್ಲಿ ಕೇಳುವುದೇನು? ಹೊಡೆತ, ಸಾಲ, ಮಗುವಿನ ಸಾವು, ಬದುಕೇ ಬೇಡವೆಂಬ ನುಡಿ. ಎಲ್ಲವನ್ನೂ ಶಾಂತಮುಖದಿಂದ ಕೇಳಿ, ಸಂಜೆ ಬಸ್ಸು ಹಿಡಿದು ಮನೆಗೆ ಹೋಗಿ ಅಡಿಗೆ ಮಾಡಬೇಕು. ವೃತ್ತಿಯ ಧರ್ಮ ಅವಳ ಬಾಯನ್ನು ಕಟ್ಟಿದೆ. ಗಂಡನೊಡನೆಯಾಗಲಿ ತಾಯಿಯೊಡನೆಯಾಗಲಿ ಅವಳು ಹೇಳಿಕೊಳ್ಳುವಂತಿಲ್ಲ. ಕಲಿಯುವಾಗ ಪ್ರತಿಯೊಬ್ಬ ರೋಗಿಯ ವಿಚಾರವನ್ನೂ ಗುರುಗಳ ಮುಂದಿಟ್ಟು ಚರ್ಚಿಸುತ್ತಿದ್ದವಳು, ಕೆಲಸಕ್ಕೆ ಸೇರಿ ತಾಲ್ಲೂಕಿಗೆ ಬಂದ ದಿನದಿಂದ ಒಂಟಿ. ತಿಂಗಳ ಕೊನೆಗೆ ಅವಳನ್ನು ಕೇಳುವುದು ಎಷ್ಟು ಜನರನ್ನು ನೋಡಿದೆ ಎಂಬ ಅಂಕೆಯನ್ನು. ಯಾರು ನಿನ್ನ ಮನಸ್ಸನ್ನು ಕಲಕಿದರು ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲಿಯೂ ಇಲ್ಲ. ಅವಳು ಚಿಕಿತ್ಸೆಗೆ ಒಪ್ಪಿಸಿದ್ದ ತರುಣನೊಬ್ಬ ತನ್ನ ಜೀವವನ್ನು ತಾನೇ ಕಳೆದುಕೊಂಡನೆಂದು ಇಟ್ಟುಕೊಳ್ಳೋಣ. ಮರುದಿನವೂ ಅವಳು ಅದೇ ಬೆಂಚಿನ ಮೇಲೆ ಕುಳಿತು ಇನ್ನೊಬ್ಬರಿಗೆ ಧೈರ್ಯ ಹೇಳಬೇಕು. ಕೆಲವು ವರ್ಷಗಳಲ್ಲಿ ಅವಳ ಧ್ವನಿ ಒಣಗುತ್ತದೆ, ಪ್ರಶ್ನೆಗಳು ಮೊಟಕಾಗುತ್ತವೆ. ಅದನ್ನು ಸೋಮಾರಿತನವೆಂದು ಕರೆಯುವುದು ಸುಲಭ. ಅದು ಆರೈಕೆಯಿಲ್ಲದೆ ಆರೈಕೆ ಮಾಡಿದವರಿಗೆ ಬರುವ ಬಳಲಿಕೆ.

ಆಶಾ ಕಾರ್ಯಕರ್ತೆಯ ಸಂಕಟ ಇನ್ನೊಂದು ಬಗೆಯದು. ಅವಳು ಅದೇ ಊರಿನವಳು, ಅದೇ ನಲ್ಲಿಯಲ್ಲಿ ನೀರು ಹಿಡಿಯುವವಳು. ಎಲ್ಲರ ಮನೆಯ ವಿಷಯವೂ ಅವಳಿಗೆ ಗೊತ್ತು ಎಂಬ ಕಾರಣದಿಂದಲೇ ಕೆಲವರು ಅವಳಿಗೆ ಹೇಳಲು ಅಂಜುತ್ತಾರೆ, ಹೇಳಿದವರು ನಡುರಾತ್ರಿಯಲ್ಲಿಯೂ ಅವಳ ಬಾಗಿಲು ತಟ್ಟುತ್ತಾರೆ. ಸಾಮಾನ್ಯ ಜನರಿಗೂ ತರಬೇತಿ ಕೊಟ್ಟು ಆಪ್ತಸಲಹೆಗಾರರನ್ನಾಗಿ ಮಾಡಬಹುದೆಂದು ತೋರಿಸಿದ ನಿಮ್ಹಾನ್ಸಿನ ನಿವೃತ್ತ ಪ್ರಾಧ್ಯಾಪಕ ಡಾ. ಸಿ. ಆರ್. ಚಂದ್ರಶೇಖರ್ ಅವರು ಬೆಂಗಳೂರಿನಲ್ಲಿ ‘ಸಮಾಧಾನ’ವೆಂಬ ಉಚಿತ ಸಲಹಾ ಕೇಂದ್ರವನ್ನು ನಡೆಸಿ, ಕನ್ನಡದಲ್ಲಿ ನೂರಾರು ಪುಸ್ತಕಗಳನ್ನು ಬರೆದು, 2024ರಲ್ಲಿ ಪದ್ಮಶ್ರೀಗೆ ಭಾಜನರಾದರು. ಗೋವೆಯಲ್ಲಿ ವಿಕ್ರಮ್ ಪಟೇಲರ ಬಳಗ ನಡೆಸಿದ ಪರೀಕ್ಷೆಗಳೂ, ವೈದ್ಯರಲ್ಲದವರು ಕೆಲವು ಭೇಟಿಗಳಲ್ಲಿ ಕ್ರಮವಾಗಿ ನೀಡುವ ಸಲಹೆಯಿಂದ ಖಿನ್ನತೆ ತಗ್ಗುತ್ತದೆಂದು ತೋರಿಸಿಕೊಟ್ಟಿವೆ. ಅಲ್ಲಿ ಸಲಹೆಗಾರರು ಮೇಲಿಂದ ಮೇಲೆ ಒಟ್ಟಿಗೆ ಕುಳಿತು ತಮ್ಮ ತಮ್ಮ ಸಂಭಾಷಣೆಗಳನ್ನು ತಾವೇ ವಿಮರ್ಶಿಸಿಕೊಳ್ಳುತ್ತಿದ್ದರೆಂಬ ಅಂಶವನ್ನು ನಮ್ಮಲ್ಲಿ ಯಾರೂ ಎತ್ತಿ ಹೇಳುವುದಿಲ್ಲ.

ಕೇಳುಗರು ಹೀಗೆ ಕೂಡಿ ಕುಳಿತು ವಿಮರ್ಶಿಸಿಕೊಳ್ಳುವ ರೂಢಿ ಇನ್ನೂ ಹಿಂದಿನದು. ಹಂಗೆರಿಯಿಂದ ಇಂಗ್ಲೆಂಡಿಗೆ ಬಂದು ನೆಲೆಸಿದ ಮೈಕೇಲ್ ಬಾಲಿಂಟ್ ಎಂಬ ಮನೋವಿಶ್ಲೇಷಕರು 1950ರ ದಶಕದಲ್ಲಿ ಲಂಡನ್ನಿನ ಟಾವಿಸ್ಟಾಕ್ ಕೇಂದ್ರದಲ್ಲಿ ಸಾಮಾನ್ಯ ವೈದ್ಯರ ಸಣ್ಣ ಗುಂಪನ್ನು ನಿಯತವಾಗಿ ಕೂಡಿಸುತ್ತಿದ್ದರು. ಒಬ್ಬರು ತಮ್ಮನ್ನು ಕಾಡುತ್ತಿರುವ ರೋಗಿಯ ವಿಚಾರ ಹೇಳುವುದು, ಮಿಕ್ಕವರು ಕೇಳುವುದು. ಚರ್ಚೆ ರೋಗದ ಮೇಲೆ ಮಾತ್ರವಲ್ಲದೆ ವೈದ್ಯನ ಮನಸ್ಸಿನಲ್ಲಿ ಎದ್ದ ಕೋಪ, ಬೇಸರ, ಅತಿಯಾದ ಅನುಕಂಪಗಳ ಮೇಲೂ ನಡೆಯುತ್ತಿತ್ತು. ಅವರ ಗ್ರಂಥ 1957ರಲ್ಲಿ ಬಂದಿತು. ಆ ಬಗೆಯ ಗುಂಪುಗಳು ಇಂದು ಅನೇಕ ದೇಶಗಳಲ್ಲಿವೆ. ವೈದ್ಯನೇ ರೋಗಿಗೆ ಕೊಡುವ ಪ್ರಬಲವಾದ ಔಷಧವೆಂಬುದು ಬಾಲಿಂಟರ ಸಿದ್ಧಾಂತ. ಹಾಗಾದರೆ ಆ ಔಷಧ ಕೆಡದಂತೆ ಕಾಪಾಡುವುದು ಉಗ್ರಾಣದ ಔಷಧಗಳನ್ನು ಕಾಪಾಡುವಷ್ಟೇ ಮುಖ್ಯವಾಗಬೇಕಲ್ಲವೆ?

ಹಾಸನಕ್ಕೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಮೂವತ್ತು ನಲವತ್ತು ಕಿಲೋಮೀಟರುಗಳ ಅಂತರದಲ್ಲಿವೆ. ಬೆಳಗಿನ ಬಸ್ಸಿಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಹಿಂದಿರುಗಬಹುದು. ಈ ನಾಲ್ಕು ಊರುಗಳ ಮಾನಸಿಕ ಆರೋಗ್ಯದ ಸಿಬ್ಬಂದಿ, ಆಸಕ್ತಿಯುಳ್ಳ ಸಾಮಾನ್ಯ ವೈದ್ಯರು, ಶಾಲಾ ಕಾಲೇಜುಗಳ ಆಪ್ತಸಮಾಲೋಚಕರು, ಸರದಿಯಂತೆ ಕೆಲವು ಆಶಾ ಕಾರ್ಯಕರ್ತೆಯರು ತಿಂಗಳಿಗೊಮ್ಮೆ ಹಾಸನದಲ್ಲಿ ಕೂಡುವಂತಾಗಬೇಕು. ಅಲ್ಲಿ ರೋಗಿಯ ಹೆಸರು, ಊರು ಹೇಳಕೂಡದು. ಮೇಲಧಿಕಾರಿಗಳು ತಪಾಸಣೆಗಾಗಿ ಬರಕೂಡದು, ಕಡತ ಕೇಳಕೂಡದು. ವೈದ್ಯಕೀಯ ಸಂಸ್ಥೆಯ ಮನೋವೈದ್ಯಶಾಸ್ತ್ರ ವಿಭಾಗದ ಹಿರಿಯರೊಬ್ಬರು ಹಾಜರಿರಬೇಕು. ತಾಲ್ಲೂಕು ವೈದ್ಯರಿಗೆ ವಿಡಿಯೋ ಮೂಲಕ ದೂರದಿಂದಲೇ ತರಬೇತಿ ಕೊಡುವುದರಲ್ಲಿ ನುರಿತಿರುವ ನಿಮ್ಹಾನ್ಸಿನಿಂದಲೂ ಒಬ್ಬರು ಪರದೆಯ ಮೇಲೆ ಜೊತೆಗೂಡಬಹುದು. ಮಂಗಳವಾರವನ್ನು ಬಿಟ್ಟು ಯಾವ ದಿನವಾದರೂ ಸರಿ. ಮರುದಿನವಾದ ಬುಧವಾರವಾದರೆ ಹಿಂದಿನ ದಿನದ ಮುಖಗಳು ಮನಸ್ಸಿನಲ್ಲಿ ಇನ್ನೂ ಹಸಿಯಾಗಿರುತ್ತವೆ.

ಈ ನಡುವೆ ಯಾರಿಗಾದರೂ ಮಾತು ಬೇಕಾದರೆ, ಹೊತ್ತಲ್ಲದ ಹೊತ್ತಿನಲ್ಲಿಯೂ, 14416 ಎಂಬ ಸಂಖ್ಯೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯದು. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ರೋಗಿಗಳಂತೆಯೇ ರೋಗಿಗಳನ್ನು ನೋಡಿಕೊಳ್ಳುವವರೂ ಅದಕ್ಕೆ ಕರೆ ಮಾಡಲು ಹಕ್ಕುಳ್ಳವರು. ಆದರೆ ದೂರವಾಣಿಯ ಆಚೆಯ ದನಿಗೆ ಬ್ಯಾರನ್ನಿನ ಬೆಂಕಿಯ ವಿಷಯವನ್ನು ಮೊದಲಿನಿಂದ ವಿವರಿಸಬೇಕಾಗುತ್ತದೆ. ಹಾಸನದ ಕೊಠಡಿಯಲ್ಲಿ ಕೂಡುವವರಿಗೆ ಆ ವಿವರಣೆ ಬೇಡ. ಆ ಕೂಟಕ್ಕೆ ಆಗತಕ್ಕ ವೆಚ್ಚವೆಂದರೆ ಒಂದು ಕೊಠಡಿ, ಬಸ್ಸಿನ ಖರ್ಚು, ಎರಡು ಸಲದ ಕಾಫಿ, ಮತ್ತು ಬಂದವರ ಆ ಅರ್ಧ ದಿನವನ್ನು ರಜೆಯೆಂದು ಕಳೆಯದೆ ಕರ್ತವ್ಯವೆಂದು ಎಣಿಸತಕ್ಕದ್ದೆಂಬ ಜಿಲ್ಲಾಡಳಿತದ ಒಂದು ಪುಟದ ಆದೇಶ.